ಹೊಂಗೆ ಚಿಗುರಿದಾಗ ಕುಂಡ ಬದಲಿಸಿ

ಹೂವಿನ ಬೀಜದ ಪೊಟ್ಟಣಗಳ ಹಿಂಬದಿಯಲ್ಲಿ ಸಣ್ಣಕ್ಷರದ ಒಂದು ಸೂಚನೆ ಇರುತ್ತದೆ: ವಸಂತದಲ್ಲಿ, ಹಿಮ ಬೀಳುವುದು ನಿಂತ ಮೇಲೆ ಬಿತ್ತಬೇಕು ಎಂದು. ಗಿಡ ಬೆಳೆಸುವ ಹುಚ್ಚು ಹಿಡಿದ ಹೊಸದರಲ್ಲಿ ನಾನು ಆ ಮಾತನ್ನು ನಂಬಿ ಯುಗಾದಿಯ ಆಸುಪಾಸಿನಲ್ಲಿ ಪ್ಯಾನ್ಸಿ ಬಿತ್ತಿದ್ದೆ. ಮೊಳಕೆಯೇನೋ ಬಂತು. ಏಪ್ರಿಲ್ ಬಿಸಿಲು ಏರುತ್ತಿದ್ದಂತೆ ಒಂದೊಂದಾಗಿ ಕತ್ತು ಬಾಗಿಸಿದವು, ತಿಂಗಳು ಮುಗಿಯುವಷ್ಟರಲ್ಲಿ ಟ್ರೇಯಲ್ಲಿ ಮಣ್ಣು ಮಾತ್ರ ಉಳಿಯಿತು. ಅದೇ ಬೀಜವನ್ನು ಅಕ್ಟೋಬರಿನಲ್ಲಿ ಬಿತ್ತಿದಾಗ ಸಂಕ್ರಾಂತಿ ಕಳೆಯುವ ಹೊತ್ತಿಗೆ ಕುಂಡದ ತುಂಬ ಹೂ. ಬೀಜದಲ್ಲಿ ದೋಷವಿರಲಿಲ್ಲ, ಮಣ್ಣಿನಲ್ಲೂ ಇರಲಿಲ್ಲ. ಪೊಟ್ಟಣದ ಮೇಲಿದ್ದದ್ದು ಬೇರೊಂದು ಅಕ್ಷಾಂಶದ ಪಂಚಾಂಗ.

ಹಾಗಾದರೆ ನಮ್ಮ ಪಂಚಾಂಗ ಎಲ್ಲಿದೆ? ಬೆಂಗಳೂರಿನವರಿಗಾದರೆ ನನ್ನ ಉತ್ತರ ಒಂದೇ: ಲಾಲ್‌ಬಾಗಿನಲ್ಲಿ. 240 ಎಕರೆಯ ಆ ತೋಟದಲ್ಲಿ ದೇಶವಿದೇಶದ ಮರಗಳು ಇದೇ ಮಳೆ, ಇದೇ ಬಿಸಿಲು, ಇದೇ ಗಾಳಿಯಲ್ಲಿ ತಲೆಮಾರುಗಳಿಂದ ನಿಂತಿವೆ. ಯಾವಾಗ ಎಲೆ ಉದುರಿಸಬೇಕು, ಯಾವಾಗ ಚಿಗುರಬೇಕು, ಯಾವಾಗ ಹೂ ಬಿಡಬೇಕು ಎಂಬುದನ್ನು ಅವು ಇಲ್ಲಿನ ನೀರು, ಬೆಳಕು, ಚಳಿ ನೋಡಿಯೇ ತೀರ್ಮಾನಿಸುತ್ತವೆ. ನಮ್ಮ ಮನೆಯ ಕುಂಡದ ಗಿಡಕ್ಕೂ ಸಿಗುವುದು ಅದೇ ಬೆಳಕು, ಅದೇ ಚಳಿ. ಆದ್ದರಿಂದ ಏನು ನೆಡಲಿ, ಯಾವಾಗ ನೆಡಲಿ ಎಂದು ಕೇಳುವ ಮೊದಲು ಆ ಮರಗಳು ಈಗ ಏನು ಮಾಡುತ್ತಿವೆ ಎಂದು ನೋಡಿ ಬರುವುದು ಒಳ್ಳೆಯದು.

ಫೆಬ್ರವರಿಯ ಕೊನೆಯಲ್ಲಿ ಒಂದು ಹೊಂಗೆ ಮರದ ಕೆಳಗೆ ನಿಲ್ಲಿ. ಹಳೆಯ ಎಲೆಗಳು ಹಳದಿಯಾಗಿ ಉದುರಿ ಕೊಂಬೆ ಬೋಳಾಗಿರುತ್ತದೆ. ಹದಿನೈದು ದಿನ ಬಿಟ್ಟು ಹೋದರೆ ಅದೇ ಕೊಂಬೆಯಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರು. ಇದರಲ್ಲಿ ವಿಚಿತ್ರವೊಂದಿದೆ. ಡಿಸೆಂಬರಿನಿಂದ ಹೇಳಿಕೊಳ್ಳುವಂಥ ಮಳೆಯಿಲ್ಲ, ನೆಲ ಬಿರುಕು ಬಿಟ್ಟಿದೆ, ಮುಂಗಾರಿಗೆ ಇನ್ನೂ ಮೂರು ತಿಂಗಳು. ಇಂಥ ಬರಗಾಲದಲ್ಲಿ ಮರ ಚಿಗುರುವ ಧೈರ್ಯ ಮಾಡುವುದು ಹೇಗೆ?

ಮರದ ಸಂಸಾರದಲ್ಲಿ ನೀರಿನ ದೊಡ್ಡ ಖರ್ಚು ಎಲೆಯದ್ದು. ಬೇರು ಹೀರಿದ ನೀರಿನ ಬಹುಪಾಲು ಎಲೆಯಡಿಯ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಹಳೆಯ ಎಲೆ ಉದುರಿದ ಕೂಡಲೇ ಆ ಖರ್ಚು ನಿಲ್ಲುತ್ತದೆ. ಬೇರು ಮಾತ್ರ ಆಳದ ತೇವವನ್ನು ಹೀರುತ್ತಲೇ ಇರುತ್ತದೆ. ಕಾಂಡ ಮತ್ತೆ ತುಂಬಿಕೊಳ್ಳುತ್ತದೆ, ಮೊಗ್ಗು ಉಬ್ಬುತ್ತದೆ. ಎಲೆ ಉದುರುವುದನ್ನು ನಾವು ಸೊರಗು ಎಂದುಕೊಳ್ಳುತ್ತೇವೆ. ಮರಕ್ಕೆ ಅದು ಉಳಿತಾಯ.

ಇನ್ನು ಮುಹೂರ್ತದ ವಿಚಾರ. ಕೋಸ್ಟಾರಿಕಾದಂಥ ಉಷ್ಣವಲಯದ ಒಣಕಾಡುಗಳಲ್ಲಿ ನಡೆದ ಅಧ್ಯಯನಗಳು ಬೆರಗಿನ ಸಂಗತಿಯೊಂದನ್ನು ತೋರಿಸಿಕೊಟ್ಟಿವೆ. ಮಳೆಗೆ ಮೊದಲೇ ಚಿಗುರುವ ಹಲವು ಮರಗಳು ಹಗಲು ಉದ್ದವಾಗುವುದನ್ನು ಗುರುತಿಸುತ್ತವೆ. ಅರ್ಧ ಗಂಟೆಯಷ್ಟು ವ್ಯತ್ಯಾಸವೂ ಅವಕ್ಕೆ ಸಾಕು. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗಿಂತ ಕಡಿಮೆ, ಜೂನಿನದ್ದು ಹದಿನಾರು ಗಂಟೆಗಿಂತ ಹೆಚ್ಚು. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಮ್ಮ ಗಮನಕ್ಕೇ ಬಾರದ ಈ ಸಣ್ಣ ಏರಿಳಿತ ಗಿಡಮರಗಳಿಗೆ ಗೊತ್ತಾಗುತ್ತದೆ. ಈ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ, ನೆನಪಿರಲಿ.

ಹೊಂಗೆಯ ಚಿಗುರು ಕಂಡ ವಾರವೇ ಮನೆಯ ಕುಂಡಗಳನ್ನು ಬದಲಿಸುವುದು ನನ್ನ ರೂಢಿ. ಆಗ ಬಹಳಷ್ಟು ಗಿಡಗಳು ಬೆಳವಣಿಗೆಗೆ ಹೊರಟಿರುತ್ತವೆ, ಕಡಿದ ಬೇರಿನ ಜಾಗದಲ್ಲಿ ಹೊಸ ಬೇರು ಬೇಗ ಬರುತ್ತದೆ. ಏಪ್ರಿಲ್ಲಿನ ಸುಡುಬಿಸಿಲು ಇನ್ನೂ ಬಂದಿರುವುದಿಲ್ಲ. ಕುಂಡ ಬೋರಲು ಹಾಕಿ ಗಿಡವನ್ನು ಮಣ್ಣಿನ ಸಮೇತ ಹೊರತೆಗೆಯಿರಿ. ಬೇರು ಒಳಗೋಡೆಯ ಗುಂಟ ಸಿಂಬಿಯಂತೆ ಸುತ್ತಿಕೊಂಡಿದ್ದರೆ ಹೊರಸುತ್ತನ್ನು ಬಿಡಿಸಿ, ತುದಿಗಳನ್ನು ಕತ್ತರಿಸಿ, ಹೊಸ ಮಣ್ಣು ತುಂಬಿ, ಒಂದು ವಾರ ನೆರಳಿನಲ್ಲಿಡಿ. ಮಣ್ಣಿಗೆ ಒಂದು ಹಿಡಿ ಹೊಂಗೆ ಹಿಂಡಿ ಬೆರೆಸಿ. ಹೊಂಗೆ ಬೀಜದಲ್ಲಿರುವ ಕರಂಜಿನ್ ಎಂಬ ವಸ್ತು ಸಾರಜನಕವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಮಣ್ಣಿನ ಬ್ಯಾಕ್ಟೀರಿಯಾಗಳ ಕೆಲಸವನ್ನು ನಿಧಾನಿಸುತ್ತದೆ. ಹಾಗಾಗಿ ಗೊಬ್ಬರ ನೀರಿನೊಂದಿಗೆ ಕೊಚ್ಚಿಹೋಗದೆ ಗಿಡಕ್ಕೆ ಹೆಚ್ಚು ದಿನ ಒದಗುತ್ತದೆ. ನಮ್ಮ ರೈತರು ಕರಂಜಿನ್ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲೇ ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದರು.

ಅದೇ ದಿನಗಳಲ್ಲಿ ಸೀತಾ ಅಶೋಕದ ಮರವನ್ನೂ ಹುಡುಕಿ ನೋಡಿ. ಕಾಂಪೌಂಡಿನ ಪಕ್ಕ ಕಂಬದಂತೆ ಎತ್ತರಕ್ಕೆ ನೆಟ್ಟಗೆ ಬೆಳೆಯುವ ಮರವನ್ನು ಎಲ್ಲರೂ ಅಶೋಕ ಎನ್ನುತ್ತಾರೆ. ಅದು ಸೀತಾಫಲದ ಕುಟುಂಬದ್ದು, ನಿಜವಾದ ಅಶೋಕಕ್ಕೂ ಅದಕ್ಕೂ ನಂಟಿಲ್ಲ. ಸೀತಾ ಅಶೋಕ ಹುಣಸೆ, ಗುಲ್‌ಮೊಹರ್‌ಗಳ ಬಳಗದ ಮರ. ಅದರ ಎಳೆಯ ಎಲೆಗಳು ಒದ್ದೆ ಕರವಸ್ತ್ರ ಒಣಹಾಕಿದಂತೆ ಗೊಂಚಲಾಗಿ ಜೋತುಬಿದ್ದಿರುತ್ತವೆ, ತಾಮ್ರದ ಬಣ್ಣ. ಬೆರಳಲ್ಲಿ ಹಿಡಿದರೆ ಹಳೆಯ ರೇಷ್ಮೆಯಷ್ಟು ಮೆತ್ತಗೆ. ನೀರಿಲ್ಲದೆ ಬಾಡಿದೆ ಎಂದು ಮೊದಲ ಬಾರಿ ನೋಡಿದವರಿಗೆ ಅನಿಸುತ್ತದೆ. ಆದರೆ ಎಳೆತನದಲ್ಲಿ ಎಲೆಯನ್ನು ತಿನ್ನುವ ಹುಳುಗಳು ಹೆಚ್ಚು. ಅದಕ್ಕೇ ಈ ಮರ ಎಲೆ ಪೂರ್ತಿ ಹಿಗ್ಗುವವರೆಗೂ ಅದರೊಳಗೆ ಹಸಿರು ವರ್ಣಕವನ್ನು ತುಂಬುವುದಿಲ್ಲ, ಗಟ್ಟಿ ನಾರನ್ನೂ ಹಾಕುವುದಿಲ್ಲ. ಹುಳು ತಿಂದರೂ ನಷ್ಟ ಕಡಿಮೆ. ಆ ತಾಮ್ರದ ಬಣ್ಣದ ಆಂಥೋಸಯನಿನ್ ಎಳೆ ಜೀವಕೋಶಗಳನ್ನು ಪ್ರಖರ ಬೆಳಕಿನಿಂದ ಕಾಯುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಕೆಲವೇ ದಿನಗಳಲ್ಲಿ ಎಲೆ ಹಸಿರೇರಿ, ಸೆಟೆದು ನಿಲ್ಲುತ್ತದೆ. ಮಾವಿನ ಕೆಂಪು ಚಿಗುರಿಗೂ ಇದೇ ಕಾರಣ. ಆದ್ದರಿಂದ ಮನೆಯ ಗಿಡದ ಚಿಗುರು ಕೆಂಪಾಗಿ ಜೋತರೆ ಗಾಬರಿಯಿಂದ ನೀರು ಸುರಿಯಬೇಡಿ. ಮೊದಲು ಹಳೆಯ ಎಲೆಗಳನ್ನು ನೋಡಿ. ಅವು ಸೆಟೆದಿದ್ದರೆ ಗಿಡ ಕ್ಷೇಮವಾಗಿದೆ.

ಈ ಪಂಚಾಂಗ ತಾನಾಗಿ ಆದದ್ದಲ್ಲ, ಮನುಷ್ಯರು ನೆಟ್ಟು ಮಾಡಿದ್ದು. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಬಂಡೆಯ ಮಗ್ಗುಲಲ್ಲಿ 1760ರಲ್ಲಿ ಹೈದರಾಲಿ ತೋಟ ಆರಂಭಿಸಿದ, ಟಿಪ್ಪು ಬೆಳೆಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯತೋಟವಾಯಿತು. ಆಮೇಲೆ ಇಂಗ್ಲೆಂಡಿನ ಕ್ಯೂ ತೋಟದಲ್ಲಿ ತಯಾರಾದವರು ಒಬ್ಬರ ನಂತರ ಒಬ್ಬರು ಬಂದರು. ಅವರಲ್ಲಿ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ 1908ರಲ್ಲಿ ಬೆಂಗಳೂರಿಗೆ ಬಂದವರು. ಅವರು ಮಾಡಿದ ಯೋಚನೆಯನ್ನು ಈ ಊರು ಇಂದಿಗೂ ಉಣ್ಣುತ್ತಿದೆ. ಒಂದು ಬೀದಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಬೀದಿಯ ಹೂ ಅರಳಬೇಕು, ವರ್ಷವಿಡೀ ಊರಿನ ಯಾವುದಾದರೂ ಮೂಲೆ ಬಣ್ಣದಲ್ಲಿರಬೇಕು ಎಂದು ಮರಗಳನ್ನು ಸರದಿಯ ಲೆಕ್ಕದಲ್ಲಿ ನೆಡಿಸಿದರು. ಜಕರಾಂಡದ ನೇರಳೆ, ಗುಲ್‌ಮೊಹರ್‌ನ ಕೆಂಪು, ದೀಪಾವಳಿಯ ರಾತ್ರಿಗಳಲ್ಲಿ ಆಕಾಶಮಲ್ಲಿಗೆಯ ಪರಿಮಳ: ಇವುಗಳ ಸಾಲುಸರದಿಯ ಹಿಂದೆ ಆ ಲೆಕ್ಕಾಚಾರದ ನೆರಳಿದೆ. ಮುಂದೆ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಆ ಕೆಲಸವನ್ನು ಮುಂದುವರಿಸಿದರು.

ಕ್ರುಂಬಿಗಲ್‌ಗಿಂತ ಮೊದಲು ತೋಟ ನೋಡಿಕೊಂಡ ಜಾನ್ ಕ್ಯಾಮರಾನ್ ನಮ್ಮ ಅಡುಗೆಮನೆಗೇ ಒಂದು ಗಿಡ ಕೊಟ್ಟು ಹೋದರು. ಗಾಜಿನಮನೆ ಎದ್ದದ್ದು ಅವರ ಕಾಲದಲ್ಲಿ, ಎಲ್ಲರೂ ಅದನ್ನು ನೆನೆಯುತ್ತಾರೆ. ನನಗೆ ಸೀಮೆಬದನೆಯೇ ದೊಡ್ಡ ಕೊಡುಗೆ ಎನಿಸುತ್ತದೆ. ಮೆಕ್ಸಿಕೋ ಮೂಲದ ಈ ಬಳ್ಳಿಯನ್ನು ಬೆಂಗಳೂರಿಗೆ ತಂದು ಬೆಳೆಸಿದ ಹೆಸರು ಅವರದು. ಇಲ್ಲಿಂದ ಅದು ಸುತ್ತಲ ಊರುಗಳಿಗೆ ಎಷ್ಟು ಹಬ್ಬಿತೆಂದರೆ ತಮಿಳರಿಗೆ ಅದು ಇಂದಿಗೂ ಬೆಂಗಳೂರು ಕತ್ತರಿಕ್ಕಾಯ್, ತೆಲುಗರಿಗೆ ಬೆಂಗಳೂರು ವಂಕಾಯ. ಹೆಸರಲ್ಲಿ ಬದನೆ ಇದ್ದರೂ ಅದರ ಕುಲ ಕುಂಬಳ, ಸೋರೆ, ಹೀರೆಯದ್ದು.

ಸೀಮೆಬದನೆಯನ್ನು ಒಮ್ಮೆ ಉದ್ದಕ್ಕೆ ಸೀಳಿ ನೋಡಿ. ಒಳಗೆ ಒಂದೇ ಬೀಜ. ಅದಕ್ಕೆ ಗಟ್ಟಿ ಸಿಪ್ಪೆಯಿಲ್ಲ, ಹೊರತೆಗೆದು ಒಣಗಿಸಿದರೆ ಸತ್ತುಹೋಗುತ್ತದೆ. ಕಾಯಿಯ ತಿರುಳೇ ಅದರ ಕವಚ, ಅದೇ ಬುತ್ತಿ. ಬಲಿತ ಕಾಯಿಯನ್ನು ಅಡುಗೆಮನೆಯ ಮೂಲೆಯಲ್ಲಿ ಮರೆತುಬಿಟ್ಟರೆ ಕೆಲವು ವಾರಗಳಲ್ಲಿ ಅದರ ಅಗಲ ತುದಿಯ ಸೀಳು ತೆರೆದುಕೊಂಡು ಮೊಳಕೆ ಇಣುಕುತ್ತದೆ. ಹೀಗಾಗಿ ಸೀಮೆಬದನೆಯ ಬೀಜವನ್ನು ಯಾರೂ ಬಿತ್ತುವುದಿಲ್ಲ, ಇಡೀ ಕಾಯಿಯನ್ನೇ ನೆಡುತ್ತಾರೆ. ಮುಂಗಾರು ಹಿಡಿದ ಮೇಲೆ ಮೊಳೆತ ಕಾಯನ್ನು ಓರೆಯಾಗಿ ಮಲಗಿಸಿ, ಮುಕ್ಕಾಲು ಭಾಗ ಹೂತು, ಮೊಳಕೆಯ ತುದಿ ಮೇಲೆ ಕಾಣುವಂತೆ ಬಿಡಿ. ಪೂರ್ತಿ ಹೂತರೆ ಕೊಳೆಯುವ ಭಯ. ಚಪ್ಪರ ಮೊದಲೇ ಸಿದ್ಧವಿರಲಿ, ಬಳ್ಳಿ ಕಾಯುವುದಿಲ್ಲ.

ಮಳೆಯ ಮಾತು ಬಂತು. ಹಳ್ಳಿಯ ಕೃಷಿಕರು ಜೂನ್, ಜುಲೈ ಎನ್ನುವುದಿಲ್ಲ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಗಳ ಮಳೆ ನಕ್ಷತ್ರಗಳಲ್ಲಿ ಲೆಕ್ಕ ಇಡುತ್ತಾರೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯ ಭರಣಿ ಬರುವುದು ಏಪ್ರಿಲ್ ಕೊನೆಗೆ. ಹೀರೆ, ಹಾಗಲದ ಬೀಜ ಊರಲು, ಶುಂಠಿ ನೆಡಲು ಆ ಮೊದಲ ಹದಮಳೆ ಸಾಕು. ಕಡ್ಡಿ ನೆಡುವುದಕ್ಕೆ ಮಾತ್ರ ಆರಿದ್ರೆಯವರೆಗೆ, ಅಂದರೆ ಜೂನ್ ಕೊನೆಯವರೆಗೆ ಕಾಯಿರಿ. ಕತ್ತರಿಸಿದ ದಾಸವಾಳದ ಕಡ್ಡಿಗೆ ಬೇರಿಲ್ಲ, ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ. ಅದು ಬದುಕಬೇಕಾದರೆ ಗಾಳಿಯೇ ತೇವವಾಗಿರಬೇಕು. ಮೋಡ ಮುಸುಕಿ ಜಿಟಿಜಿಟಿ ಹನಿಯುವ ಆ ದಿನಗಳಲ್ಲಿ ಎಲೆಯಿಂದ ಆವಿಯಾಗುವ ನೀರು ಬಹಳ ಕಡಿಮೆ. ಪೆನ್ಸಿಲ್ ದಪ್ಪದ ಕಡ್ಡಿ, ಗೆಣ್ಣಿನ ಸ್ವಲ್ಪ ಕೆಳಗೆ ಓರೆ ಕಡಿತ, ಮೇಲೆ ಎರಡೇ ಎಲೆ, ಅವೂ ಅರ್ಧಕ್ಕೆ ಕತ್ತರಿಸಿದವು. ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಮುಖವಾಗಿ ಹರಿದು ಕಡಿತದ ಬಳಿ ಶೇಖರವಾಗುತ್ತದೆ. ಅಲ್ಲಿ ಬೇರು ಮೂಡಿಸುವುದು ಅದೇ. ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೆ ಬೇರು ಬರುವುದು ಕಷ್ಟವಾಗುವುದೂ ಇದರಿಂದಲೇ. ಒಂದು ತಿಂಗಳು ಅದನ್ನು ಅಲುಗಿಸದೆ ಬಿಡಿ. ಬೇರು ಬಂತೇ ಎಂದು ಕಿತ್ತು ನೋಡುವ ಚಟಕ್ಕೆ ಸತ್ತ ಕಡ್ಡಿಗಳಿಗೆ ಲೆಕ್ಕವಿಲ್ಲ.

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆ ಜೋರು. ಆಗ ಕುಂಡದಡಿಯ ತಟ್ಟೆಗಳನ್ನು ತೆಗೆದಿಡಿ, ತೂತು ಕಟ್ಟಿದೆಯೇ ನೋಡಿ. ಮುಖ್ಯವಾದ ಕೆಲಸ ಆಮೇಲೆ ಇದೆ.

ಹಿಂದೆ ಹೇಳಿದ ಒಂದೂವರೆ ಗಂಟೆಯ ಮಾತು ಈಗ ಬರುತ್ತದೆ. ನಮ್ಮ ನಾಟಿ ಅವರೆಯನ್ನು ಮುಂಗಾರಿನಲ್ಲಿ ರಾಗಿಯ ಜೊತೆ ಅಕ್ಕಡಿಯಾಗಿ ಬಿತ್ತುತ್ತಾರೆ. ಆಗಸ್ಟಿನಲ್ಲೂ ಬಳ್ಳಿ, ಸೆಪ್ಟೆಂಬರಿನಲ್ಲೂ ಬಳ್ಳಿ, ಹೂವಿಲ್ಲ. ತಿಂಗಳು ಹಿಂದೆಮುಂದೆ ಬಿತ್ತಿದ ಹೊಲಗಳೂ ಹೂ ಬಿಡುವುದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ರಾತ್ರಿ ಉದ್ದವಾಗುತ್ತಾ ಬಂದಾಗ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಕಾಯಿ ಸಂತೆಗೆ ಬರುತ್ತದೆ. ಬೇಸಿಗೆಯಲ್ಲೂ ಅವರೆಕಾಯಿ ಸಿಗಲಿ ಎಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಅಳತೆ ಕೇಳದ ಹೆಬ್ಬಾಳ ಅವರೆ ತಳಿಗಳನ್ನು ರೂಪಿಸಿತು. ಅವು ಯಾವಾಗ ಬಿತ್ತಿದರೂ ಹೂ ಬಿಡುತ್ತವೆ. ಕುಂಡದಲ್ಲಿ ಬೆಳೆಯುವವರಿಗೆ ಆ ಗಿಡ್ಡ ತಳಿಯೇ ಅನುಕೂಲ.

ಗಿಡಗಳು ಬೆಳಕಿನ ಅವಧಿಯನ್ನು ಅಳೆಯುತ್ತವೆ ಎಂದು 1920ರಲ್ಲಿ ಬರೆದು ತಿಳಿಸಿದವರು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್. ಅವರ ಹೊಲದಲ್ಲಿ ಒಂದು ಜಾತಿಯ ಹೊಗೆಸೊಪ್ಪಿನ ಗಿಡ ಬೇಸಿಗೆಯುದ್ದಕ್ಕೂ ಹೂವೇ ಬಿಡದೆ ಆಳೆತ್ತರ ಮೀರಿ ಬೆಳೆಯುತ್ತಿತ್ತು. ದಿನದಲ್ಲಿ ಕೆಲವು ಗಂಟೆ ಅದನ್ನು ಕತ್ತಲೆಯಲ್ಲಿಟ್ಟಾಗ ಹೂ ಬಿಟ್ಟಿತು. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು ಎಂಬುದು ನಂತರ ತಿಳಿಯಿತು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣಕ ಕೆಂಪು ಬೆಳಕು ಬಿದ್ದರೆ ಒಂದು ರೂಪ ತಾಳುತ್ತದೆ, ಕತ್ತಲೆಯಲ್ಲಿ ನಿಧಾನವಾಗಿ ಹಳೆಯ ರೂಪಕ್ಕೆ ಮರಳುತ್ತದೆ. ಮಧ್ಯರಾತ್ರಿ ದೀಪ ಹಚ್ಚಿದರೆ ಉದ್ದದ ಒಂದು ರಾತ್ರಿ ಗಿಡದ ಪಾಲಿಗೆ ಎರಡು ಗಿಡ್ಡ ರಾತ್ರಿಗಳಾಗುತ್ತವೆ.

ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬ ಸಾಲುಸಾಲು ಬಲ್ಬು ಉರಿಯುವುದನ್ನು ಕಂಡಿರುತ್ತೀರಿ. ಅವು ಸೇವಂತಿಗೆ ಹೊಲಗಳು. ಹೂವಿನ ಕಾಲವನ್ನು ಮುಂದೂಡಿ ಹಬ್ಬದ ದರ ಹಿಡಿಯಲು ರೈತರು ಫೈಟೋಕ್ರೋಮಿಗೆ ಬೆಳಕು ಕೊಡುತ್ತಿದ್ದಾರೆ. ನಿಮ್ಮ ಮನೆಯ ಸೇವಂತಿಗೆ ಬರೀ ಸೊಪ್ಪು ಬಿಟ್ಟು ಹೂ ಬಿಡದಿದ್ದರೆ ಗೊಬ್ಬರ ಹಾಕುವ ಮೊದಲು ರಾತ್ರಿ ಹೊರಗೆ ಬಂದು ನೋಡಿ. ಬೀದಿದೀಪವೋ ಬಾಲ್ಕನಿಯ ಬಲ್ಬೋ ಅದರ ಮೇಲೆ ಬೀಳುತ್ತಿರಬಹುದು. ಕುಂಡವನ್ನು ಕತ್ತಲಿರುವ ಕಡೆಗೆ ಸರಿಸಿ, ಸಾಕು. ಕ್ರಿಸ್‌ಮಸ್ ವೇಳೆಗೆ ಕೆಂಪಾಗಬೇಕಾದ ಪಾಯಿನ್ಸೆಟಿಯಾಕ್ಕೂ ಇದೇ ಮದ್ದು.

ಜನವರಿಯ ಫಲಪುಷ್ಪ ಪ್ರದರ್ಶನ ಮುಗಿಸಿ ಬರುವವರ ಕೈಯಲ್ಲಿ ಪೆಟೂನಿಯಾ, ಸಾಲ್ವಿಯಾದ ಕುಂಡಗಳಿರುತ್ತವೆ. ಮಾರ್ಚ್ ಹೊತ್ತಿಗೆ ಅವು ಒಣಗಿದಾಗ ಮನೆಯವರು ನೊಂದುಕೊಳ್ಳುತ್ತಾರೆ. ನಿಮ್ಮ ಕೈಗುಣ ಕೆಟ್ಟದ್ದಲ್ಲ. ಅವು ಮಳೆಗಾಲ ಮುಗಿಯುವಾಗ ಬಿತ್ತಿ ಚಳಿಯಲ್ಲಿ ಹೂ ಕಾಣಬೇಕಾದ ಗಿಡಗಳು, ಸೆಕೆ ಏರಿದರೆ ಬಾಳುವುದಿಲ್ಲ. ಪ್ರದರ್ಶನದ ಬಣ್ಣವನ್ನು ಕೊಂಡು ತರುವ ಬದಲು ಅಕ್ಟೋಬರಿನಲ್ಲಿ ಬೀಜ ಕೊಂಡರೆ ಮೂರು ತಿಂಗಳ ಹೂ ನಿಮ್ಮದಾಗುತ್ತದೆ. ಅದೇ ಚಳಿ ಮಾವಿಗೆ ಹೂವಿನ ಸೂಚನೆ. ತಂಪು ರಾತ್ರಿ ಮತ್ತು ಒಣ ನೆಲ ಎರಡೂ ಕೂಡಿದಾಗ ಮಾವು ಚಿಗುರುವುದನ್ನು ಬಿಟ್ಟು ಹೂ ತಳೆಯುತ್ತದೆ. ಹಿತ್ತಲಲ್ಲಿ ಬೆಳೆದುನಿಂತ ಮಾವಿದ್ದರೆ ನವೆಂಬರ್, ಡಿಸೆಂಬರಿನಲ್ಲಿ ದಯವಿಟ್ಟು ನೀರು ಹಾಯಿಸಬೇಡಿ. ಪ್ರೀತಿಯಿಂದ ನೀರು ಹಾಕಿ ಹಾಕಿ ಮಾವನ್ನು ಬರೀ ಎಲೆಯ ಮರವಾಗಿಸಿದ ಮನೆಗಳನ್ನು ನಾನು ಕಂಡಿದ್ದೇನೆ.

ಇದೆಲ್ಲ ಒಂದೇ ಸಲಕ್ಕೆ ಕಲಿಯುವ ಪಾಠವಲ್ಲ. ಒಂದು ಮರ ಆರಿಸಿಕೊಳ್ಳಿ, ವಾರಕ್ಕೊಮ್ಮೆ ಅದರ ಎಲೆ, ಮೊಗ್ಗು, ಹೂ, ಕಾಯಿ ಯಾವ ಹಂತದಲ್ಲಿವೆ ಎಂದು ಬರೆದಿಡಿ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಶಾಲಾ ಮಕ್ಕಳೂ ಹಿರಿಯರೂ ಹೀಗೆಯೇ ಬರೆದಿಡುತ್ತಿದ್ದಾರೆ. ಋತು ಜಾರುತ್ತಿರುವ ಈ ಕಾಲದಲ್ಲಿ ಹಾಗೆ ಕೂಡಿಬಂದ ಟಿಪ್ಪಣಿಗಳು ವಿಜ್ಞಾನಕ್ಕೆ ತುಂಬ ಬೇಕು.

ಯಾವ ಮರದಿಂದ ಶುರುಮಾಡಲಿ ಎನ್ನುವವರಿಗೆ ನಾನು ನಾಗಲಿಂಗದ ಮರ ತೋರಿಸುತ್ತೇನೆ. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಶಿವಾಲಯಗಳಲ್ಲಿ ನೆಲೆನಿಂತ ಮರ ಇದು. ಹೂಗಳು ಕೊಂಬೆಯ ತುದಿಯಲ್ಲಿ ಇರುವುದಿಲ್ಲ, ಕಾಂಡದಿಂದಲೇ ಹೊರಟ ಹಗ್ಗದಂಥ ಕಡ್ಡಿಗಳ ಮೇಲೆ ಅರಳುತ್ತವೆ. ಬಿದ್ದ ಒಂದು ಹೂವನ್ನು ಅಂಗೈಯಲ್ಲಿಡಿ. ಆರು ದಪ್ಪ ಎಸಳು, ನಡುವೆ ಲಿಂಗ, ಅದರ ಮೇಲೆ ಬಾಗಿದ ಹೆಡೆ. ಹೆಡೆಯನ್ನು ಬೆರಳಿನಿಂದ ಮೆಲ್ಲನೆ ಎತ್ತಿ. ಒಳಗೆ ಎರಡು ಬಗೆಯ ಕೇಸರಗಳು ಕಾಣುತ್ತವೆ: ಲಿಂಗದ ಸುತ್ತ ಉಂಗುರದಂತೆ ಹಬ್ಬಿದ ಗಿಡ್ಡ ಕೇಸರಗಳು, ಹೆಡೆಯ ಒಳಮೈಯಲ್ಲಿ ಉದ್ದನೆಯವು. ಈ ಹೂವಿನಲ್ಲಿ ಮಕರಂದವಿಲ್ಲ. ಹೆಡೆಯ ಪರಾಗ ಬರುವ ದುಂಬಿಗೆ ಊಟ, ಅದರಿಂದ ಕಾಯಿ ಕಟ್ಟುವುದಿಲ್ಲ. ದುಂಬಿ ಉಣ್ಣಲು ಎರಡರ ನಡುವೆ ನುಗ್ಗಿದಾಗ ಉಂಗುರದ ಪರಾಗ ಅದರ ಮೈಗೆ ಅಂಟುತ್ತದೆ. ಮುಂದಿನ ಹೂವಿಗೆ ಸಾಗುವುದು, ಬೀಜ ಕಟ್ಟಿಸುವುದು ಆ ಪರಾಗ.

ನಾಗಲಿಂಗ ವರ್ಷದ ಬಹುತೇಕ ತಿಂಗಳು ಹೂ ಬಿಡುತ್ತದೆ, ಒಂದೊಂದು ಹೂವಿನ ಆಯಸ್ಸು ಒಂದೇ ದಿನ. ಅರಳುವುದು ನಸುಕಿನಲ್ಲಿ, ಪರಿಮಳ ಹೆಚ್ಚಿರುವುದೂ ಆಗಲೇ. ಲಾಲ್‌ಬಾಗಿನ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ.